ಯಾರೂ ಗುಡಿಸದ ನೆಲ

"ಬೂಟು ಹಾಕ್ಕೊಂಡು ಕಾಲಿಟ್ರೆ ನೀವು ಸುಣ್ಣದವರ ಪರ ಅಂತಾರೆ ಮೇಡಂ. ಬಿಚ್ಚಿ ಬರಿಗಾಲಲ್ಲಿ ಇಟ್ರೆ ಮೇಣದವರ ಪರ. ಹಾರೋ ವಿದ್ಯೆ ಒಂದನ್ನ ಇಲಾಖೆಯವರು ನಮಗೆ ಕಲಿಸಲಿಲ್ಲ ನೋಡಿ."

ಹೀಗೆಂದವನು ಹೆಡ್ ಕಾನ್‌ಸ್ಟೇಬಲ್. ಠಾಣೆಯಲ್ಲಿ ಅವನಿಗೆ ಮೌನಿ ಎಂದು ಹೆಸರಿಟ್ಟಿದ್ದರು. ನಿದ್ದೆಯಲ್ಲೂ ಬಾಯಿ ಮುಚ್ಚದವನಿಗೆ ಬೇರೆ ಯಾವ ಹೆಸರೂ ಒಪ್ಪುತ್ತಿರಲಿಲ್ಲ.

ತನಿಖಾಧಿಕಾರಿ ಬೂಟು ಬಿಚ್ಚಿದಳು. ಬೂದು ಬಣ್ಣದ ಕಾಲುಚೀಲವನ್ನು ಹಾಗೇ ಉಳಿಸಿಕೊಂಡಳು. ಬೂಟೂ ಅಲ್ಲ, ಬರಿಗಾಲೂ ಅಲ್ಲ.

ಚರ್ಚಿನ ಎಡಬದಿಯಲ್ಲಿ ನಿಂತಿದ್ದ ಮುದಿ ಗುರುಗಳು ಅವಳ ಕಾಲನ್ನು ನೋಡಿ ತಲೆಯಾಡಿಸಿದರು. ಬಲಬದಿಯಲ್ಲಿದ್ದ ಪಾದ್ರಿಗಳು ಗುರುಗಳ ತಲೆ ಆಡಿದ್ದನ್ನು ಮೊದಲು ಖಾತ್ರಿ ಮಾಡಿಕೊಂಡು, ಆಮೇಲೆ ತಾವೂ ಆಡಿಸಿದರು.

ಎರಡು ಬದಿಗಳ ನಡುವಿನ ಪಟ್ಟಿಯನ್ನು ಅವಳು ತುಳಿಯಬಹುದೆಂದು ಆ ಎರಡು ತಲೆ ಆಡುವುದಕ್ಕೆ ಸೋಮವಾರದಿಂದ ಗುರುವಾರದವರೆಗೆ ಹಿಡಿದಿತ್ತು. ಸೋಮವಾರ ಮಧ್ಯಾಹ್ನ ಗೋಡೆಚಿತ್ರಗಳ ಕೆಲಸಕ್ಕೆ ಈ ಚರ್ಚಿನೊಳಗೆ ಹೋದ ಚಿತ್ರದವನು ಹೊರಗೆ ಬಂದದ್ದನ್ನು ಕಂಡವರು ಇರಲಿಲ್ಲ.

ಅವಳು ನಡುಪಟ್ಟಿಯ ಮೇಲೆ ಕಾಲಿಟ್ಟಳು. ಧೂಳು ಕಾಲುಚೀಲದ ಕೆಳಗೆ ಮೆತ್ತಗೆ ಕುಸಿಯಿತು, ಮಲಗಿದ ಪ್ರಾಣಿಯ ಮೈ ತುಳಿದ ಹಾಗೆ.

ಒಂದು ಕಾಲಕ್ಕೆ ಇಲ್ಲಿ ಎಡ, ಬಲ ಎಂಬುದೇ ಇರಲಿಲ್ಲ. ಒಂದೇ ಸಭೆ, ಒಂದೇ ಬಲಿಪೀಠ, ಗೋಡೆಯ ತುಂಬ ಸಂತರು. ಆಮೇಲೆ ಆ ಸಂತರ ಮೇಲೆಯೇ ಜಗಳ ಹುಟ್ಟಿತು. ಬಣ್ಣದ ಮುಂದೆ ಮಂಡಿಯೂರುವುದು ಪಾಪ, ದೇವರ ವಾಕ್ಯವೊಂದೇ ಸಾಕು ಎಂದವರು ಒಂದು ಕಡೆಯಾದರು. ಅಜ್ಜ ಮುತ್ತಜ್ಜಂದಿರು ಮೇಣದಬತ್ತಿ ಹಚ್ಚಿ ಬೇಡಿಕೊಂಡ ಸಂತರನ್ನು ಬಿಡೆವು ಎಂದವರು ಇನ್ನೊಂದು ಕಡೆ. ಮಾತು ಮುಗಿದ ಮೇಲೆ ಕತ್ತಿ ಮಾತಾಡಿತು. ಮೊದಲು ಕೊಂದವರು ಯಾರೆಂಬುದಕ್ಕೆ ಊರಿನಲ್ಲಿ ಎರಡು ಕಥೆಗಳಿವೆ. ಎರಡರಲ್ಲೂ ಕೊಂದವರು ಎದುರಿನವರೇ.

ಕೊನೆಗೆ ಅಂದಿನ ಅರಸ ಬಂದು ನೆಲದ ಮೇಲೆ ಉದ್ದಕ್ಕೆ ಎರಡು ಹಗ್ಗ ಎಳೆಸಿದ. ಎಡಭಾಗ ಬತ್ತಿಯವರಿಗೆ. ಬಲಭಾಗ, ಸಂತರ ಕಣ್ಣುಗಳನ್ನು ಉಳಿಯಿಂದ ಕಿತ್ತು ಮೇಲೆ ಸುಣ್ಣ ಬಳಿದವರಿಗೆ. ನಡುವೆ ಎರಡು ಮಾರು ಅಗಲದ ಪಟ್ಟಿ ಯಾರಿಗೂ ಇಲ್ಲ. ಅವರು ಮೇಣದವರು, ಇವರು ಸುಣ್ಣದವರು ಎಂದು ಊರಿನ ಬಾಯಲ್ಲಿ ನಿಂತುಹೋಯಿತು.

ಅರಸ ಹೋಗುವಾಗ ಒಂದು ಮಾತು ಹೇಳಿ ಹೋಗಿದ್ದ: ಗುಡಿಸಿದವನೇ ಒಡೆಯ.

ಅಷ್ಟು ಸಾಕಾಯಿತು. ಅಂದಿನಿಂದ ನಡುಪಟ್ಟಿಯ ಮೇಲೆ ಯಾರೂ ಪೊರಕೆ ಇಟ್ಟಿಲ್ಲ, ಇಡಲು ಯಾರನ್ನೂ ಬಿಟ್ಟಿಲ್ಲ. ಧೂಳು ಕಂಬಳಿಯ ಹಾಗೆ ಬೆಳೆದಿತ್ತು. ಈಗ, ಬಲಿಪೀಠಗಳ ಹತ್ತಿರ, ಆ ಕಂಬಳಿಗೆ ಹರಕು ಬಿದ್ದಿತ್ತು. ಒಬ್ಬ ಮನುಷ್ಯ ಮಲಗುವಷ್ಟು ಜಾಗ ಯಾರೋ ಗುಡಿಸಿ ಚೊಕ್ಕ ಮಾಡಿದ್ದರು.

ಊರು ಬಿಸಿಯಾಗಿದ್ದು ಚಿತ್ರದವನಿಗಾಗಿ ಅಲ್ಲ, ಆ ಚೊಕ್ಕ ಜಾಗಕ್ಕಾಗಿ.

ಚಿತ್ರದವನಿಗಾಗಿ ಕಾಯುತ್ತಿದ್ದವಳು ಅವನ ಹೆಂಡತಿ ಒಬ್ಬಳೇ. ಅವಳು ಹೊರಗಿನ ಮೆಟ್ಟಿಲ ಮೇಲೆ, ಎರಡು ಬಾಗಿಲುಗಳ ನಡುವೆ ಕೂತಿದ್ದಳು. ಬೆಳಿಗ್ಗೆ ತನಿಖಾಧಿಕಾರಿ ಅವಳ ಪಕ್ಕದಲ್ಲಿ ಕೂತು ಕೇಳಿದ್ದಳು, "ಅವರ ಬೂಟು ಹೇಗಿತ್ತು?"

"ಕಂದು ಬಣ್ಣ. ಸುಣ್ಣದ ಚುಕ್ಕೆ ಬಿದ್ದಿದೆ. ದಾರ ಮುಂದೆ ಕಟ್ಟಲ್ಲ ಅವರು. ಕಣಕಾಲಿಗೆ ಎರಡು ಸುತ್ತು ಸುತ್ತಿ ಹಿಂದುಗಡೆ ಗಂಟು ಹಾಕ್ತಾರೆ. ಅಟ್ಟಣಿಗೆ ಮೇಲೆ ದಾರ ಸಿಕ್ಕಾಕ್ಕೊಂಡು ಒಂದ್ಸಲ ಬಿದ್ದಿದ್ರು, ಅದಕ್ಕೆ."

"ಮನೇಲಿ ಯಾರಿದಾರೆ?"

"ಮಗು ಇದೆ. ಅತ್ತೆ ಇದಾರೆ, ಅವರಿಗೆ ಕಿವಿ ಕೇಳಲ್ಲ. ಬಾಗಿಲಿಗೆ ಚಿಲಕ ಹಾಕಿಲ್ಲ ನಾನು. ಇವರು ಕೀಲಿ ಬಿಟ್ಟು ಹೋಗಿದಾರೆ, ಬಂದ್ರೆ ಹೊರಗೆ ನಿಲ್ಲಬೇಕಾಗುತ್ತೆ."

ಅವಳೇ ಮುಂದುವರಿಸಿದ್ದಳು. "ಸೋಮವಾರ ಅವರದೊಂದು ಅಂಗಿ ಬಕೆಟ್ಟಲ್ಲಿ ನೆನೆಸಿಟ್ಟಿದ್ದೆ. ಹಾಗೇ ಇತ್ತು. ಒಗೀಬೇಕೋ ಬೇಡವೋ ಗೊತ್ತಾಗ್ಲಿಲ್ಲ. ಇವತ್ತು ನೋಡಿದ್ರೆ ಬಕೆಟ್ಟು ಖಾಲಿ. ಅತ್ತೆ ತೆಗೆದ್ರೇನೋ. ಮೇಡಂ, ಸಿಕ್ತಾರಾ ಅಂತ ನಾನು ಕೇಳಲ್ಲ. ನಾನು ಏನು ಅಂತ ಗೊತ್ತಾದ್ರೆ ಸಾಕು. ಹೆಂಡತಿಯಾ, ಅಥವಾ ಇನ್ನೊಂದಾ."

ಆ ಇನ್ನೊಂದನ್ನು ಅವಳು ಬಾಯಿ ಬಿಟ್ಟು ಹೇಳಿರಲಿಲ್ಲ.

ತನಿಖಾಧಿಕಾರಿ ಈಗ ನಡುಪಟ್ಟಿಯಲ್ಲಿ ಮಂಡಿಯೂರಿ ಕೆನ್ನೆಯನ್ನು ನೆಲದ ಹತ್ತಿರ ತಂದಳು. ಬಲಗೋಡೆಗೆ ಚಿತ್ರದವನ ಅಟ್ಟಣಿಗೆ ಇನ್ನೂ ಒರಗಿಕೊಂಡಿತ್ತು. ತೇವಕ್ಕೆ ಸುಣ್ಣ ಬಿರಿದು ಒಳಗಿನ ಮುಖಗಳು ಇಣುಕತೊಡಗಿದ್ದವು. ಸುಣ್ಣ ಪೂರ್ತಿ ಕೆರೆದು, ಅಡಿಯಲ್ಲಿ ಏನಿದೆಯೋ ಒಮ್ಮೆ ನೋಡಿಬಿಡೋಣ ಎಂದು ಪಾದ್ರಿಗಳೇ ಅವನನ್ನು ಕರೆಸಿದ್ದರು. ಅವನು ಅರ್ಧ ಗೋಡೆ ಕೆರೆದಿದ್ದ. ಪರದೆಯ ಹಿಂದಿನಿಂದ ಮುಖ ಒತ್ತಿ ನಿಂತವರ ಹಾಗೆ ಸಂತರು ಸಾಲಾಗಿ ಕಾಣುತ್ತಿದ್ದರು. ಕಣ್ಣಿರಬೇಕಾದಲ್ಲಿ ತೂತು. ಕಣ್ಣಿಲ್ಲದಿದ್ದರೂ ಅಷ್ಟೂ ಮುಖಗಳು ಕೆಳಗೆ, ಗುಡಿಸಿದ ಜಾಗವನ್ನೇ ನೋಡುತ್ತಿದ್ದ ಹಾಗಿತ್ತು.

"ಗುರುಗಳೇ, ನಿಮ್ಮ ಕಡೆ ಕಸ ಎತ್ತಲಾಗಿ ಗುಡಿಸ್ತೀರಿ?"

"ಗೋಡೆ ಕಡೆಗೆ. ಎಳೀತೀವಿ, ತಳ್ಳಲ್ಲ. ಪಟ್ಟಿ ಕಡೆಗೆ ತಳ್ಳಿದ್ರೆ ನಮ್ಮ ನೆಲದ ಧೂಳನ್ನ ಬಿಟ್ಟುಕೊಟ್ಟ ಹಾಗೆ."

"ಪಾದ್ರಿಗಳೇ, ನೀವು?"

"ನಾವೂ ಅಷ್ಟೇ. ನಮ್ಮ ಗೋಡೆ ಕಡೆಗೆ."

"ಅಂತೂ ಇದೊಂದು ವಿಷಯದಲ್ಲಿ ಎರಡೂ ಮನೆ ಒಂದಾಯ್ತು," ಎಂದ ಮೌನಿ. ಯಾರೂ ನಗಲಿಲ್ಲ.

"ಇಲ್ಲಿ ಪೊರಕೆ ಎಡಕ್ಕೂ ಹೋಗಿಲ್ಲ, ಬಲಕ್ಕೂ ಹೋಗಿಲ್ಲ," ಎಂದಳು ತನಿಖಾಧಿಕಾರಿ. "ಪಟ್ಟಿ ಉದ್ದಕ್ಕೆ ಹೋಗಿದೆ. ಕಡ್ಡಿಯ ಗೀರು ನೋಡಿ. ಗುಡಿಸಿದ ಧೂಳು ಅಲ್ಲಿ ಮುಂದೆ ಗುಪ್ಪೆಯಾಗಿ ಬಿದ್ದಿದೆ. ಪಟ್ಟಿಯ ಧೂಳು ಪಟ್ಟಿಯಲ್ಲೇ ಉಳಿದಿದೆ. ಒಂದು ಚಿಟಿಕೆಯೂ ನಿಮಗೆ ಹೋಗಿಲ್ಲ, ಅವರಿಗೂ ಹೋಗಿಲ್ಲ. ಮೇಲಾಗಿ ಎರಡೂ ಅಂಚಿಗೆ ಒಂದೊಂದು ಗೇಣು ಬಿಟ್ಟು ಗುಡಿಸಿದಾರೆ. ಸುಣ್ಣದವರು ಗುಡಿಸಿದ್ರೆ ಮೇಣದವರ ಅಂಚಿಗೆ ಹೆದರ್ತಿದ್ರು, ತಮ್ಮ ಅಂಚಿಗೆ ಯಾಕೆ ಹೆದರಬೇಕು? ಎರಡು ಅಂಚಿಗೂ ಹೆದರೋರು ಈ ಊರಲ್ಲಿ ಯಾರು?"

ಬಾಗಿಲ ಬಳಿ ಕೀಲಿಗೊಂಚಲು ಸದ್ದು ಮಾಡಿತು.

ಬೀಗದಜ್ಜಿ ಅಲ್ಲಿ ನಿಂತಿದ್ದಳು. ಎರಡು ಪಂಗಡಕ್ಕೂ ಸೇರದ ಮನೆತನ ಅವಳದು. ಒಬ್ಬರ ಕೈಯಲ್ಲಿ ಕೀಲಿ ಕೊಟ್ಟರೆ ಇನ್ನೊಬ್ಬರಿಗೆ ನಿದ್ದೆ ಬಾರದು ಎಂದು ಅರಸ ಅವಳ ಹಿರಿಯರ ಕೈಗೆ ಕೊಟ್ಟಿದ್ದ. ಬೆಳಿಗ್ಗೆ ಎರಡೂ ಬಾಗಿಲು ತೆಗೆಯುವುದು, ಪ್ರಾರ್ಥನೆ ಮುಗಿದ ಮೇಲೆ ಹಾಕುವುದು, ಸಂಜೆ ಮತ್ತೆ ತೆಗೆಯುವುದು. ಹಾವೂ ಸಾಯದಂತೆ, ಕೋಲೂ ಮುರಿಯದಂತೆ ಬದುಕುವುದನ್ನು ಆ ಮನೆಯ ಹೆಣ್ಣುಮಕ್ಕಳು ತೊಟ್ಟಿಲಲ್ಲೇ ಕಲಿಯುತ್ತಿದ್ದರು.

"ಹೌದು ತಾಯಿ," ಎಂದಳು ಅಜ್ಜಿ. "ನಾನೇ ಗುಡಿಸಿದ್ದು."

ಗುರುಗಳ ಕೈಯಲ್ಲಿದ್ದ ಜಪಮಾಲೆ ನಿಂತುಹೋಯಿತು. "ನೀವಾ! ಹಾಗಾದ್ರೆ ಪಟ್ಟಿ ಇನ್ಮೇಲೆ ನಿಮ್ಮದು ಅಂತೀರಾ?"

"ನನಗೆ ಆರಡಿ ನೆಲ ಸಾಕು ಸ್ವಾಮಿ. ಅದೂ ಇಲ್ಲಿ ಬೇಡ."

"ಯಾವಾಗ ಗುಡಿಸಿದ್ರಿ ಅಜ್ಜಿ?" ತನಿಖಾಧಿಕಾರಿ ಎದ್ದು ಅವಳ ಹತ್ತಿರ ಹೋದಳು.

"ಸೋಮವಾರ ಸಂಜೆ, ಪ್ರಾರ್ಥನೆಗೆ ಬಾಗಿಲು ತೆಗೆಯೋಕೆ ಬಂದಾಗ. ಜನ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ಆ ಚಿತ್ರದ ಮಗ ಒಳಗೆ ಕೆಲಸ ಮಾಡ್ತಿದ್ದಾಗ ಎಂದಿನ ಹಾಗೆ ಹೊರಗಿಂದ ಬೀಗ ಹಾಕಿಕೊಂಡು ಹೋಗಿದ್ದೆ. ಬಂದು ನೋಡಿದ್ರೆ ಅಟ್ಟಣಿಗೆ ಮೇಲೆ ಅವನಿಲ್ಲ. ಪಟ್ಟಿ ಮೇಲೆ ಹೆಜ್ಜೆ."

"ಎಂಥ ಹೆಜ್ಜೆ?"

ಅಜ್ಜಿ ಗುರುಗಳನ್ನೂ ಪಾದ್ರಿಗಳನ್ನೂ ಒಮ್ಮೆ ನೋಡಿದಳು. "ಸುಣ್ಣದವರ ಕಡೆಯಿಂದ ಬೂಟಿನ ಹೆಜ್ಜೆ. ಪಟ್ಟಿ ನಡುವೆ ನೆಲಕ್ಕೆ ಹಾಸಿರೋ ಆ ಕರಿ ಕಲ್ಲಿನವರೆಗೂ ಹೋಗಿತ್ತು. ಕಲ್ಲಿನಿಂದ ಮೇಣದವರ ಕಡೆಗೆ ಬರಿಗಾಲಿನ ಹೆಜ್ಜೆ. ಹೋದದ್ದು ಬೂಟು, ಬಂದದ್ದು ಬರಿಗಾಲು. ನಡುವೆ ಇನ್ನೇನೂ ಇಲ್ಲ."

ಚರ್ಚಿನೊಳಗೆ ಮೇಣದವರು ಚಪ್ಪಲಿ ಮೆಟ್ಟುವುದಿಲ್ಲ. ಸುಣ್ಣದವರು ಬೂಟು ಬಿಚ್ಚುವುದಿಲ್ಲ. ಅದು ಊರಿಗೆಲ್ಲ ಗೊತ್ತಿದ್ದದ್ದು.

"ಬೂಟು ನೋಡಿ ಇವರು ಅವರ ಮೇಲೆ ಬೀಳ್ತಾರೆ, ಬರಿಗಾಲು ನೋಡಿ ಅವರು ಇವರ ಮೇಲೆ," ಎಂದಳು ಅಜ್ಜಿ. "ಹೆಣ ಬೀಳೋದಕ್ಕಿಂತ ಧೂಳು ಹೋಗೋದು ವಾಸಿ ಅನ್ನಿಸ್ತು. ಹೊಸಿಲ ಪೊರಕೆ ತಗೊಂಡೆ. ಸುಳ್ಳು ಯಾಕೆ ಹೇಳಲಿ, ನನಗೂ ಭಯ ಆಯ್ತು. ಆ ಕಲ್ಲಿನ ಕೆಳಗೆ ಇರೋರು ಯಾರೂ ಮೇಲೆ ಬರೋರಲ್ಲ ತಾಯಿ."

ತನಿಖಾಧಿಕಾರಿ ಹಿಂತಿರುಗಿ ಗುಡಿಸದೆ ಬಿಟ್ಟ ಅಂಚುಗಳನ್ನು ನೋಡಿದಳು. ಸುಣ್ಣದ ಕಡೆಯ ಗೇಣಿನಲ್ಲಿ ಒಂದು ಹಿಮ್ಮಡಿಯ ಅರ್ಧಚಂದ್ರ ಉಳಿದಿತ್ತು. ಮೇಣದ ಕಡೆಯ ಗೇಣಿನಲ್ಲಿ ಬರಿಗಾಲಿನ ಬೆರಳುಗಳು, ಒಂದರ ಪಕ್ಕ ಒಂದು, ಹೊರಮುಖವಾಗಿ. ಅಜ್ಜಿ ಸುಳ್ಳು ಹೇಳಿರಲಿಲ್ಲ.

ಬರಿಗಾಲಲ್ಲಿ ಮೇಲೆ ಬಂದವನು ಕತ್ತಲಲ್ಲಿ ಎಲ್ಲೋ ನಿಂತು, ಸಂಜೆ ಬರಿಗಾಲಿನ ಜನದ ನಡುವೆ ಸೇರಿಕೊಂಡು, ಅವರ ಜೊತೆಗೇ ಹೊರಗೆ ಹೋಗಿದ್ದ. ಅವರ ಬಾಗಿಲಿನ ಮುಂದೆ ಬರಿಗಾಲನ್ನು ಯಾರು ನೋಡುತ್ತಾರೆ?

ಅವಳು ಕರಿ ಕಲ್ಲಿನ ಮೇಲೆ ಕೈಯಿಟ್ಟಳು. ನೆಲದ ಬೇರೆ ಕಲ್ಲುಗಳಿಗಿಂತ ಅದು ತಣ್ಣಗಿತ್ತು. ಒಂದು ಪಕ್ಕಕ್ಕೆ ಕಬ್ಬಿಣದ ಬಳೆ, ಇನ್ನೊಂದು ಪಕ್ಕಕ್ಕೆ ಬೆರಳು ದಪ್ಪದ ಅಗುಳಿ. ಅಗುಳಿಯ ತುಕ್ಕು ಒಂದು ಕಡೆ ಉಜ್ಜಿ ಹೊಳೆಯುತ್ತಿತ್ತು. ಕಲ್ಲಿನ ಸಂದಿನಲ್ಲಿ ಉಳಿದಿದ್ದ ಧೂಳು ಸ್ವಲ್ಪ ಮೇಲೇಳುತ್ತಿತ್ತು, ಮತ್ತೆ ಕೂರುತ್ತಿತ್ತು. ಕೆಳಗೆ ಯಾವುದೋ ನಿಧಾನವಾಗಿ ಉಸಿರಾಡುತ್ತಿದ್ದ ಹಾಗೆ.

"ಇದರ ಕೆಳಗೆ ಏನಿದೆ?"

"ಒಡಕಿಗೆ ಮುಂಚಿನವರು," ಎಂದರು ಗುರುಗಳು. "ಸಭೆ ಒಂದೇ ಆಗಿದ್ದಾಗ ಸತ್ತವರು. ಅದಕ್ಕೂ ಮುಂಚೆ, ನಮ್ಮವರು ಬಹಿರಂಗವಾಗಿ ಪ್ರಾರ್ಥನೆ ಮಾಡೋ ಹಾಗೇ ಇಲ್ಲದಿದ್ದ ಕಾಲದಲ್ಲಿ, ಆ ಗೋರಿಗಳ ನಡುವೆಯೇ ಕೂತು ಮಾಡ್ತಿದ್ರಂತೆ."

"ನಮ್ಮವರು ಅಂದ್ರೆ ಯಾರು?" ಪಾದ್ರಿಗಳು ಥಟ್ಟನೆ ಕೇಳಿದರು.

"ಶುರು ಆಯ್ತು," ಮೌನಿ ಗೊಣಗಿದ.

"ತೆಗೀಬೇಕು," ಎಂದಳು ತನಿಖಾಧಿಕಾರಿ.

"ಆಗಲ್ಲ." ಇಬ್ಬರೂ ಒಟ್ಟಿಗೇ ಹೇಳಿದರು. ಒಟ್ಟಿಗೆ ಹೇಳಿದ್ದಕ್ಕೆ ಇಬ್ಬರಿಗೂ ಸಿಟ್ಟು ಬಂತು.

"ಅದರೊಳಗೆ ಇರೋ ಮೂಳೆ ನಮ್ಮ ರಕ್ತಸಾಕ್ಷಿಗಳದ್ದು," ಎಂದರು ಗುರುಗಳು. "ಇವರ ಎದುರಿಗೆ ತೆಗೆಯೋ ಹಾಗಿಲ್ಲ. ದೇವರ ಮನೇಲಿ ಸುಮ್ನೆ ಒಂದು ಗಳಿಗೆ ಕೂರೋದಕ್ಕೆ ಬಿಡದ ಜನ ಇವರು. ಮಂಗಳವಾರ ಬೆಳಿಗ್ಗೆ ಮೊದಲ ಹಾಡು ಮುಗಿಸಿ ನಾವು ಮೌನ ಪ್ರಾರ್ಥನೆಗೆ ಕೂತಾಗ ಟಕ್ ಟಕ್ ಅಂತ ಕಲ್ಲು ಕುಟ್ಟಿದ್ದು ಯಾರು? ಆ ವಿಷಯ ಕೇಳಿ ಮೊದಲು ಇವರನ್ನ!"

"ಕುಟ್ಟಿದ್ದು ನಾವಾ?" ಪಾದ್ರಿಗಳ ಮುಖ ಕೆಂಪಾಯಿತು. "ಅಪ್ಪಟ ಸುಳ್ಳು! ನಾನು ಸತ್ಯವೇದ ಓದ್ತಿದ್ದಾಗ ಕುಟ್ಟಿದ್ದು ನೀವು. ಅದು ಸಾಲದು ಅಂತ ಹೂಂ ಹೂಂ ಅಂತ ರಾಗ ಬೇರೆ. ನಮ್ಮ ಮಕ್ಕಳು ಹೆದರಿಕೊಂಡವು."

"ರಾಗ ನಿಮ್ಮದು!"

"ನಮ್ಮಲ್ಲಿ ಹೂಂ ಹೂಂ ಅನ್ನೋ ಕೀರ್ತನೆಯೇ ಇಲ್ಲ ಸ್ವಾಮಿ. ಎಲ್ಲಾ ಮಾತಲ್ಲೇ ಇದೆ."

ತನಿಖಾಧಿಕಾರಿಯ ಕೈ ಇನ್ನೂ ಕಲ್ಲಿನ ಮೇಲಿತ್ತು. ಅವಳು ಬಹಳ ಮೆಲ್ಲಗೆ ಕೇಳಿದಳು, "ಇಬ್ಬರೂ ಒಂದೇ ಹೊತ್ತಿಗೆ ಪ್ರಾರ್ಥನೆ ಮಾಡ್ತೀರಾ?"

"ಮತ್ತಿನ್ನೇನು? ಇವರಾದ ಮೇಲೆ ನಾವು ಮಾಡ್ಬೇಕಾ?" ಎಂದರು ಗುರುಗಳು.

"ಸದ್ದು ಕೇಳಿಸಿದಾಗ ನೀವೇನು ಮಾಡಿದ್ರಿ?"

"ಏನು ಮಾಡ್ತಾರೆ? ಹಿಂದಿನಿಂದ ಬಂದದ್ದೇ. ಅವರು ಸದ್ದು ಮಾಡಿದ್ರೆ ನಾವು ದನಿ ಏರಿಸ್ತೀವಿ. ಎಲ್ಲರಿಗೂ ಎದ್ದು ನಿಂತು ಹಾಡಿ ಅಂದೆ. ಗಂಟೆ ಬಾರಿಸಿದ್ವಿ."

"ನೀವು?"

"ಅವರು ದನಿ ಏರಿಸಿದ್ರೆ ನಾವು ಸುಮ್ನಿರ್ತೀವಾ? ನಾವೂ ಹಾಡಿದ್ವಿ. ಜೋರಾಗಿ."

"ಸಂಜೆ?"

"ಸಂಜೆಯೂ ಕುಟ್ಟಿದ್ರು. ಸಂಜೆಯೂ ಹಾಡಿದ್ವಿ."

"ನಿನ್ನೆ?"

ಗುರುಗಳು ಕರಿ ಕಲ್ಲಿನ ಕಡೆ ನೋಡಿದರು. ಪ್ರಶ್ನೆ ಎತ್ತ ಹೋಗುತ್ತಿದೆಯೆಂದು ಅವರಿಗೆ ಆಗ ಹೊಳೆಯಿತೇನೋ. "ನಿನ್ನೆ ಸ್ವಲ್ಪ ಕಡಿಮೆ ಇತ್ತು."

"ಇವತ್ತು ಬೆಳಿಗ್ಗೆ?"

ಪಾದ್ರಿಗಳು, ತಮ್ಮ ಕೈಗಳನ್ನೇ ನೋಡುತ್ತ, ಹೇಳಿದರು. "ಇವತ್ತು ಇರಲಿಲ್ಲ. ಅವರಿಗೆ ಬುದ್ಧಿ ಬಂತು ಅಂದ್ಕೊಂಡ್ವಿ."

ಮೌನಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಮಂಗಳವಾರವೂ ಬುಧವಾರವೂ ಪೊಲೀಸರು ಎಡಬಲದ ಮೂಲೆ ಮೂಲೆಯನ್ನೂ ಹುಡುಕಿದ್ದರು. ಪ್ರಾರ್ಥನೆ ಇಲ್ಲದ ಹೊತ್ತು ನೋಡಿ ಹುಡುಕಿದ್ದರು. ಆಗ ಯಾವ ಸದ್ದೂ ಇರಲಿಲ್ಲ. ಈಗ ಅವಳಿಗೆ ಕಾರಣ ತಿಳಿಯಿತು. ಕೆಳಗಿದ್ದವನಿಗೆ ಕಲ್ಲಿನ ಮೂಲಕ ಮಾತು ಕೇಳಿಸಿರಲಿಲ್ಲ, ಹಾಡು ಮಾತ್ರ ಕೇಳಿಸಿತ್ತು. ಹಾಡು ಕೇಳಿಸಿದಾಗ ಮೇಲೆ ಜನರಿದ್ದಾರೆಂದು ಅವನು ಬಡಿದಿದ್ದ. ಅವನು ಬಡಿದಷ್ಟೂ ಇವರು ಹಾಡಿದ್ದರು. ಇವರು ಹಾಡಿದಷ್ಟೂ ಅವನು ಬಡಿದಿದ್ದ.

ಬಾಗಿಲಲ್ಲಿ ನೆರಳು ಬಿತ್ತು. ಚಿತ್ರದವನ ಹೆಂಡತಿ ಮೆಟ್ಟಿಲಿಂದ ಎದ್ದು ಬಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಗುರುಗಳ ಕಡೆಗೂ ನೋಡಲಿಲ್ಲ, ಪಾದ್ರಿಗಳ ಕಡೆಗೂ ನೋಡಲಿಲ್ಲ.

"ಯಾರೂ ಮಾತಾಡಬೇಡಿ," ಎಂದಳು ತನಿಖಾಧಿಕಾರಿ. "ಉಸಿರೂ ಮೆಲ್ಲಗೆ."

ಆ ಕಟ್ಟಡದಲ್ಲಿ ಎರಡೂ ಕಡೆಯವರು ಒಟ್ಟಿಗೆ ಸುಮ್ಮನಿದ್ದದ್ದು ಎಷ್ಟು ತಲೆಮಾರಿನ ಮೇಲೋ. ಬತ್ತಿಗಳ ಮೇಣ ತೊಟ್ಟಿಕ್ಕುವುದು ಕೇಳಿಸಿತು. ಗೋಡೆಯಿಂದ ಒಂದು ಸುಣ್ಣದ ಚಕ್ಕೆ ಕಳಚಿ ಬಿತ್ತು. ಅದರ ಹಿಂದಿನಿಂದ ಇನ್ನೊಂದು ಕಣ್ಣಿಲ್ಲದ ಮುಖ ಹೊರಗೆ ಬಂತು.

ಅವಳು ಮೌನಿಯ ಲಾಠಿ ತೆಗೆದುಕೊಂಡು ಕಲ್ಲಿನ ಮೇಲೆ ಕುಟ್ಟಿದಳು.

ಏನೂ ಇಲ್ಲ.

ಮತ್ತೆ ಕುಟ್ಟಿದಳು. ಬೀಗದಜ್ಜಿ ಕೀಲಿಗಳು ಸದ್ದು ಮಾಡದಂತೆ ಗೊಂಚಲನ್ನು ಎದೆಗೆ ಒತ್ತಿ ಹಿಡಿದಳು.

ಕೆಳಗಿನಿಂದ, ಬಾವಿಯ ತಳದಿಂದ ಬಂದ ಹಾಗೆ, ಒಂದು ಟಕ್. ಬಹಳ ಹೊತ್ತು ಬಿಟ್ಟು, ಇನ್ನೊಂದು.

ಅಗುಳಿ ಎಳೆದವರು ಪಾದ್ರಿಗಳು. ಬಳೆಗೆ ಕೈ ಹಾಕಿದವರು ಗುರುಗಳು. ಯಾರು ಯಾವ ಗೆರೆ ದಾಟಿದರು, ಯಾರ ಬೂಟು ಪಟ್ಟಿ ತುಳಿಯಿತು, ಯಾರೂ ನೋಡಲಿಲ್ಲ. ಕಲ್ಲು ಒಂದು ಪಕ್ಕಕ್ಕೆ ಎದ್ದಾಗ ಹಳೆಯ, ತಣ್ಣನೆಯ ಗಾಳಿ ಹೊರಗೆ ಬಂತು. ಅದರಲ್ಲಿ ಮಣ್ಣಿನ ವಾಸನೆಯೂ ಆರಿದ ಮೇಣದ ವಾಸನೆಯೂ ಇತ್ತು. ಮೆಟ್ಟಿಲು ಕತ್ತಲಿಗೆ ಇಳಿದಿತ್ತು.

ಮೌನಿ ಟಾರ್ಚು ಹಿಡಿದು ಇಳಿದ. ಬೆಳಕು ಸಣ್ಣದಾಗುತ್ತ ಹೋಗಿ ತಿರುವಿನಲ್ಲಿ ಕಾಣೆಯಾಯಿತು.

"ಮೇಡಂ." ಅವನ ದನಿ ಅವನದ್ದೇ ಅಲ್ಲ ಎನ್ನುವಂತಿತ್ತು. "ಒಬ್ಬರಿದಾರೆ. ಜೀವ ಇದೆ."

ಚಿತ್ರದವನ ಹೆಂಡತಿ ಕಲ್ಲಿನ ಕಡೆಗೆ ಎರಡು ಹೆಜ್ಜೆ ಇಟ್ಟಳು. ಅಜ್ಜಿ ಅವಳ ಭುಜ ಹಿಡಿದುಕೊಂಡಳು. "ಅಳು ಮಗಳೇ, ಅತ್ತುಬಿಡು." ಅವಳು ಅಳಲಿಲ್ಲ.

ಹೊತ್ತು ತಂದವರು ಅವನನ್ನು ನಡುಪಟ್ಟಿಯ ಮೇಲೆ, ಗುಡಿಸಿದ ಜಾಗದಲ್ಲೇ ಮಲಗಿಸಿದರು. ತಲೆಯಿಂದ ಎದೆಯವರೆಗೆ ಬಿಳಿ ಧೂಳು ಮೆತ್ತಿ ಅವನು ಗೋಡೆಯಿಂದಲೇ ಇಳಿದು ಬಂದವನ ಹಾಗೆ ಕಾಣುತ್ತಿದ್ದ. ತುಟಿಗಳು ಒಡೆದಿದ್ದವು. ಗಂಟಲಿನಲ್ಲಿ ಆ ಹೂಂ ಹೂಂ ಇನ್ನೂ ಸಣ್ಣಗೆ ಉಳಿದಿತ್ತು.

ಹೆಂಡತಿ ಮೊದಲು ನೋಡಿದ್ದು ಕಾಲನ್ನು. ಕಂದು ಬೂಟು. ಸುಣ್ಣದ ಚುಕ್ಕೆ. ದಾರ ಕಣಕಾಲಿಗೆ ಎರಡು ಸುತ್ತು ಸುತ್ತಿ ಹಿಂದುಗಡೆ ಗಂಟು ಹಾಕಿತ್ತು. ಅವಳು ಆ ಗಂಟನ್ನು ಮುಟ್ಟಿದಳು. ಆಗ ಅವಳ ಮುಖದಲ್ಲಿ ನಾಲ್ಕು ದಿನದ ಮೇಲೆ ಏನೋ ಒಂದು ಅಲುಗಿತು.

"ಇವರದೇ," ಎಂದಳು. "ಇವರದೇ ಬೂಟು."

ತನ್ನ ಸೆರಗಿನಿಂದ ಅವನ ಮುಖ ಒರೆಸತೊಡಗಿದಳು. ಹಣೆ ಒರೆಸಿದಳು, ಕೆನ್ನೆ ಒರೆಸಿದಳು. ಒರೆಸುತ್ತಿದ್ದ ಕೈ ನಿಂತಿತು.

ಬಹಳ ಹೊತ್ತು ಹಾಗೇ ನಿಂತಿತ್ತು.

"ಮೇಡಂ. ಇದು ನಮ್ಮೋರಲ್ಲ."

ತನಿಖಾಧಿಕಾರಿ ಗುರುಗಳ ಮುಖ ನೋಡಿದಳು. ಅವರು ಬಗ್ಗಿ ನೋಡಿ ತಲೆಯಾಡಿಸಿದರು. "ನಮ್ಮವನಲ್ಲ. ಈ ಊರಲ್ಲೇ ಕಂಡವನಲ್ಲ."

"ನಮ್ಮವನೂ ಅಲ್ಲ," ಎಂದರು ಪಾದ್ರಿಗಳು.

ಯಾರಿಗೂ ಸೇರದ ನೆಲದ ಮೇಲೆ ಯಾರಿಗೂ ಸೇರದ ಮನುಷ್ಯ ಮಲಗಿದ್ದ. ಅವನು ಕೆಳಗೆ ಇಳಿದ ಹೆಜ್ಜೆಯನ್ನು ಅಜ್ಜಿಯೂ ಕಂಡಿರಲಿಲ್ಲ.

ತನಿಖಾಧಿಕಾರಿ ಬೂಟನ್ನು ಹಿಡಿದು ಅಲುಗಿಸಿದಳು. ಅದು ಅವನ ಕಾಲಿಗೆ ತೀರ ದೊಡ್ಡದು, ಒಳಗೆ ಕಾಲು ಆಡುತ್ತಿತ್ತು. ದಾರ ಬಿಗಿಯಾಗಿ ಕಟ್ಟಿದ್ದರಿಂದಷ್ಟೇ ನಿಂತಿತ್ತು. ಬಿಚ್ಚಿ ನೋಡಿದರೆ ಪಾದದ ತುಂಬ ಗಾಯ. ಗಾಯಕ್ಕೆ ಚಿತ್ರದವನ ಕೆಲಸದ ಬಟ್ಟೆಯ ಚೂರು ಸುತ್ತಿತ್ತು. ಯಾರೋ ಇವನ ಮುಂದೆ ಕೂತು, ಗಾಯ ಕಟ್ಟಿ, ತನ್ನ ಕಾಲಿನ ಬೂಟು ಬಿಚ್ಚಿ ಇವನಿಗೆ ಹಾಕಿ, ಜಾರದಂತೆ ದಾರ ಸುತ್ತಿ ತನ್ನದೇ ರೂಢಿಯಲ್ಲಿ ಹಿಂದೆ ಗಂಟು ಹಾಕಿದ್ದರು. ತಾಯಿ ಮಗುವಿಗೆ ಹಾಕುವಷ್ಟು ತಾಳ್ಮೆಯಿಂದ.

ಆಮೇಲೆ ಬರಿಗಾಲಲ್ಲಿ ಮೆಟ್ಟಿಲು ಹತ್ತಿ, ಕಲ್ಲು ಮುಚ್ಚಿ, ಹೊರಗಿನಿಂದ ಅಗುಳಿ ಹಾಕಿದ್ದರು.

ಮೌನಿ ಕೊಟ್ಟ ನೀರು ಅವನ ಗಂಟಲಿಗೆ ಇಳಿಯಿತು. ಹೂಂಕಾರ ನಿಂತಿತು. ಕಣ್ಣು ತೆರೆದ. ಅವನ ನೋಟ ಗುರುಗಳನ್ನು ದಾಟಿ, ಪಾದ್ರಿಗಳನ್ನು ದಾಟಿ, ಏನನ್ನೋ ಹುಡುಕಿತು.

"ಇಲ್ಲಿ... ಗುಬ್ಬಿ ಅಂದ್ರೆ ಯಾರು?"

ಚಿತ್ರದವನ ಹೆಂಡತಿಯ ಕೈ ನೆಲಕ್ಕೆ ಒತ್ತಿಕೊಂಡಿತು. "ನಾನು," ಎಂದಳು. "ಆ ಹೆಸರು ಅವರೊಬ್ಬರೇ ಕರೆಯೋದು."

"ಹೇಳು ಅಂದ. ಮೇಲೆ ಹತ್ತೋ ಮುಂಚೆ. ನೀನು ಬದುಕಿದ್ರೆ ಗುಬ್ಬಿಗೆ ಹೇಳು ಅಂದ." ಅವನು ಮತ್ತೆ ನೀರಿಗಾಗಿ ಬಾಯಿ ತೆರೆದ. ಮೌನಿ ಕೊಟ್ಟ. "ಬಾಗಿಲಿಗೆ ಚಿಲಕ ಹಾಕ್ಕೋ. ಯಾರು ಕರೆದ್ರೂ ತೆಗೀಬೇಡ."

"ಯಾರು ಬರ್ತಾರೆ?" ತನಿಖಾಧಿಕಾರಿ ಅವನ ಬಾಯಿಯ ಹತ್ತಿರ ಬಗ್ಗಿದಳು. "ಯಾರಿಗೆ ಹೆದರಿ ಹಾಗಂದ?"

ಅವನು ಅವಳ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಕೊಟ್ಟ ಮಾತನ್ನು ಪೂರ್ತಿ ಒಪ್ಪಿಸಬೇಕೆನ್ನುವವನ ಹಾಗೆ ಕಣ್ಣು ಮುಚ್ಚಿ ಹೇಳಿದ.

"ನಾನೇ ಕರೆದ್ರೂ ತೆಗೀಬೇಡ. ಹಾಗಂತ ಹೇಳು ಅಂದ."

ಗೋಡೆಯ ಮೇಲಿನ ಕಣ್ಣಿಲ್ಲದವರು ಕೆಳಗೆ ನೋಡುತ್ತಲೇ ಇದ್ದರು.

ಹೆಂಡತಿ ನಿಧಾನವಾಗಿ ಎದ್ದು ನಿಂತಳು. ಅವಳ ಮಾತು ಮೊದಲಿನಷ್ಟೇ ಸಮವಾಗಿತ್ತು, ಯಾವುದೋ ಮರೆತ ಸಾಮಾನು ನೆನಪಾದವಳ ಹಾಗೆ.

"ಮೇಡಂ, ಆ ಅಂಗಿ. ಬಕೆಟ್ಟಲ್ಲಿದ್ದದ್ದು."

"ನಿಮ್ಮ ಅತ್ತೆ ತೆಗೆದ್ರು ಅಂದ್ರಲ್ಲ?"

"ಅತ್ತೆಗೆ ಬಲಗೈ ಬಿದ್ದುಹೋಗಿದೆ. ಬಟ್ಟೆ ಹಿಂಡೋಕೆ ಆಗಲ್ಲ ಅವರಿಗೆ. ಬೆಳಿಗ್ಗೆ ನನಗೆ ಅದು ಹೊಳೀಲೇ ಇಲ್ಲ." ಅವಳು ಆಗಲೇ ಬಾಗಿಲ ಕಡೆಗೆ ತಿರುಗಿದ್ದಳು. "ತಂತಿ ಮೇಲೂ ಅಂಗಿ ಇರಲಿಲ್ಲ. ಬಾಗಿಲು ಈಗಲೂ ತೆಗೆದೇ ಇದೆ ಮೇಡಂ. ಮಗು ಮನೇಲಿದೆ."